ಒಂದೇ ಮಾನಿಟರ್‌ನಲ್ಲಿ ರೇಸಿಂಗ್: ವೆಬ್‌ಕ್ಯಾಮ್ ಹೆಡ್ ಟ್ರ್ಯಾಕಿಂಗ್‌ನಿಂದ ಪಕ್ಕದ ಕಾರು ಕಾಣುತ್ತಾ?

ನಿಮ್ಮ ಪ್ರಶ್ನೆ ಇಷ್ಟು: ಕಂಪ್ಯೂಟರ್‌ನಲ್ಲಿ ರೇಸಿಂಗ್ ಆಟ ಆಡಲು ನಿಮ್ಮ ಹತ್ತಿರ 27 ಇಂಚಿನ ಒಂದೇ ಮಾನಿಟರ್ ಇದೆ. ಮೂರು ಮಾನಿಟರ್‌ಗೆ ಜಾಗವಿಲ್ಲ, ವಿಆರ್ ಹೆಡ್‌ಸೆಟ್ ಹಾಕಿಕೊಂಡರೆ ಹೊಟ್ಟೆ ತೊಳಸುತ್ತದೆ. ಇರುವ ವೆಬ್‌ಕ್ಯಾಮ್‌ನಿಂದಲೇ ಹೆಡ್ ಟ್ರ್ಯಾಕಿಂಗ್ (ತಲೆ ತಿರುಗಿಸಿದಂತೆ ಆಟದ ನೋಟವೂ ತಿರುಗುವ ವ್ಯವಸ್ಥೆ) ಮಾಡಿದರೆ ನೋಟ ಅಗಲ ಆಗುತ್ತಾ, ಅಕ್ಕಪಕ್ಕದ ಕಾರು ಕಾಣುತ್ತಾ?

ಕಾರು ಕಾಣುತ್ತದೆ. ಆದರೆ ನೋಟ ಅಗಲ ಆಗುವುದಿಲ್ಲ. ಅದು ಪಕ್ಕಕ್ಕೆ ತಿರುಗುತ್ತದೆ, ಅಷ್ಟೇ. ಈ ವ್ಯತ್ಯಾಸ ಗೊತ್ತಿಲ್ಲದೆ ನಾನು ಶುರುವಿನಲ್ಲಿ ಎರಡು ವಾರ ಒದ್ದಾಡಿದ್ದೇನೆ, ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

27 ಇಂಚಿನ ಮಾನಿಟರ್ ಅಡ್ಡಕ್ಕೆ ಸುಮಾರು 60 ಸೆಂ.ಮೀ. ಇರುತ್ತದೆ. ಕಣ್ಣಿನಿಂದ 60 ಸೆಂ.ಮೀ. ದೂರದಲ್ಲಿಟ್ಟರೆ ಅದು ತುಂಬುವುದು ಸುಮಾರು 53 ಡಿಗ್ರಿ. 80 ಸೆಂ.ಮೀ. ದೂರಕ್ಕೆ ಹೋದರೆ ಬರೀ 41. ನಮ್ಮ ಎರಡೂ ಕಣ್ಣು ಸೇರಿ ನೋಡುವುದು ಹತ್ತಿರ ಹತ್ತಿರ 200 ಡಿಗ್ರಿ. ಅಂದರೆ ನೀವು ಒಂದು ಸಣ್ಣ ಕಿಟಕಿಯಿಂದ ಇಣುಕುತ್ತಾ ಕಾರು ಓಡಿಸುತ್ತಿದ್ದೀರಿ. ಆಟದಲ್ಲಿ ಎಫ್‌ಒವಿ (ಸ್ಕ್ರೀನ್‌ನಲ್ಲಿ ತೋರಿಸುವ ನೋಟದ ಅಗಲ) ಏರಿಸಿದರೆ ಹೆಚ್ಚು ಕಾಣುತ್ತದೆ, ನಿಜ. ಆದರೆ ಎಲ್ಲವೂ ಕುಗ್ಗಿ ದೂರ ಹೋದಂತೆ ಕಾಣುತ್ತದೆ, ಬ್ರೇಕ್ ಹಾಕುವ ಜಾಗದ ಅಂದಾಜು ತಪ್ಪುತ್ತದೆ. ಹೆಡ್ ಟ್ರ್ಯಾಕಿಂಗ್ ಕಿಟಕಿಯನ್ನು ಅಷ್ಟೇ ಗಾತ್ರದಲ್ಲಿಟ್ಟು, ನೀವು ತಲೆ ತಿರುಗಿಸಿದ ಕಡೆಗೆ ಅದನ್ನೂ ತಿರುಗಿಸುತ್ತದೆ. ಎಡಕ್ಕೆ ನೋಡಿದರೆ ಬಲಗಡೆ ಕಳೆದುಹೋಗುತ್ತದೆ.

ಮೂರು ಮಾನಿಟರ್‌ಗೂ ಇದಕ್ಕೂ ಇರುವ ದೊಡ್ಡ ಫರಕು ಅದೇ. ಅಲ್ಲಿ ಪಕ್ಕಕ್ಕೆ ಬಂದ ಕಾರು ಕಡೆಗಣ್ಣಿಗೆ ತಾನಾಗಿ ಬೀಳುತ್ತದೆ. ಇಲ್ಲಿ ಯಾವಾಗ ನೋಡಬೇಕು ಅನ್ನೋದು ನಿಮಗೇ ಗೊತ್ತಿರಬೇಕು. ನಾನು ಕ್ರ್ಯೂಚೀಫ್ ಎಂಬ ಸಾಫ್ಟ್‌ವೇರ್‌ನ ಸ್ಪಾಟರ್ ಜೊತೆಗೆ ಇದನ್ನು ಬಳಸುತ್ತೇನೆ. ಎಡಗಡೆ ಕಾರಿದೆ ಎಂದು ಅದು ಕಿವಿಯಲ್ಲಿ ಹೇಳುತ್ತದೆ, ಕಾರು ಎಷ್ಟು ಮುಂದೆ ಬಂದಿದೆ ಎಂದು ಒಂದು ಕ್ಷಣ ತಿರುಗಿ ನೋಡುತ್ತೇನೆ. ಈ ಎರಡೂ ಸೇರಿದರೆ ಅಕ್ಕಪಕ್ಕದಲ್ಲಿ ಓಡಿಸುವ ಧೈರ್ಯ ಬರುತ್ತದೆ.

ಸಾಫ್ಟ್‌ವೇರ್ ವಿಷಯ ಸುಲಭ. ಓಪನ್‌ಟ್ರ್ಯಾಕ್ ಉಚಿತ, ಓಪನ್ ಸೋರ್ಸ್. ಇನ್‌ಪುಟ್‌ನಲ್ಲಿ ನ್ಯೂರಲ್‌ನೆಟ್ ಟ್ರ್ಯಾಕರ್ ಆರಿಸಿ. ಅದು ಕ್ಯಾಮೆರಾದಲ್ಲಿ ನಿಮ್ಮ ಮುಖವನ್ನೇ ಹಿಡಿಯುತ್ತದೆ, ಟೋಪಿಗೆ ಕ್ಲಿಪ್ಪು, ಎಲ್‌ಇಡಿ ಏನೂ ಬೇಡ. ಔಟ್‌ಪುಟ್‌ನಲ್ಲಿ ಫ್ರೀಟ್ರ್ಯಾಕ್ 2.0 ಎನ್‌ಹ್ಯಾನ್ಸ್ಡ್ ಆರಿಸಿದರೆ, ಟ್ರ್ಯಾಕ್‌ಐಆರ್ ಎಂಬ ಹೆಡ್ ಟ್ರ್ಯಾಕಿಂಗ್ ಸಾಧನ ಜೋಡಿಸಿದ್ದೀರಿ ಎಂದೇ ಆಟ ತಿಳಿಯುತ್ತದೆ. ಆದ್ದರಿಂದ ನೀವು ಹುಡುಕಬೇಕಾದ್ದು ನಿಮ್ಮ ಆಟಕ್ಕೆ ಟ್ರ್ಯಾಕ್‌ಐಆರ್ ಬೆಂಬಲ ಇದೆಯಾ ಅಂತ. ಅಸೆಟ್ಟೊ ಕೊರ್ಸಾ, ಐರೇಸಿಂಗ್, ಯೂರೋ ಟ್ರಕ್ ಸಿಮ್ಯುಲೇಟರ್ 2, ಇವಕ್ಕೆಲ್ಲ ಇದೆ. ಓಪನ್‌ಟ್ರ್ಯಾಕ್ ಮೊದಲು ಶುರು ಮಾಡಿ, ಆಮೇಲೆ ಆಟ ತೆರೆಯಿರಿ.

ಇನ್ನು ಬೆಳಕು. ಹೆಚ್ಚಿನವರು ಕೈಬಿಡುವುದು ಇಲ್ಲೇ. ಸಾಮಾನ್ಯ ವೆಬ್‌ಕ್ಯಾಮ್ ಸೆಕೆಂಡಿಗೆ 30 ಫ್ರೇಮ್ ಕೊಡುತ್ತದೆ, ಅಂದರೆ 33 ಮಿಲಿಸೆಕೆಂಡಿಗೆ ಒಂದು ಚಿತ್ರ. ಕೋಣೆಯಲ್ಲಿ ಕತ್ತಲಿದ್ದರೆ ಎಷ್ಟೋ ಕ್ಯಾಮೆರಾಗಳು ಎಕ್ಸ್‌ಪೋಷರ್ (ಪ್ರತಿ ಚಿತ್ರಕ್ಕೆ ಬೆಳಕು ತೆಗೆದುಕೊಳ್ಳುವ ಸಮಯ) ಉದ್ದ ಮಾಡಿಕೊಂಡು 15 ಫ್ರೇಮ್‌ಗೆ ಇಳಿಯುತ್ತವೆ. ನಿಮಗೆ ಗೊತ್ತೇ ಆಗುವುದಿಲ್ಲ, ತಲೆ ತಿರುಗಿಸಿದ ಮೇಲೆ ನೋಟ ತಡವಾಗಿ ಹಿಂಬಾಲಿಸಿದಂತೆ ಅನಿಸುತ್ತದೆ ಅಷ್ಟೇ. ಮುಖದ ಮೇಲೆ ಮುಂದಿನಿಂದ ಬೆಳಕು ಬೀಳುವಂತೆ ಒಂದು ದೀಪ ಇಡಿ. ಬೆನ್ನ ಹಿಂದೆ ಕಿಟಕಿ ಇದ್ದರೆ ಪರದೆ ಎಳೆಯಿರಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಆಟೋ ಎಕ್ಸ್‌ಪೋಷರ್ ಆಫ್ ಮಾಡಿ. ರೆಸಲ್ಯೂಷನ್ 640x480 ಸಾಕು. ಆ ರೆಸಲ್ಯೂಷನ್‌ನಲ್ಲಿ 60 ಫ್ರೇಮ್ ಸಿಗುತ್ತದೆ ಅಂದರೆ ಅದನ್ನೇ ಆರಿಸಿ. ಹೆಚ್ಚು ಪಿಕ್ಸೆಲ್‌ಗಿಂತ ಹೆಚ್ಚು ಫ್ರೇಮ್ ಇಲ್ಲಿ ಮುಖ್ಯ.

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದ್ದು ಮ್ಯಾಪಿಂಗ್ ಕರ್ವ್‌ಗೆ, ಅಂದರೆ ತಲೆ ಇಷ್ಟು ತಿರುಗಿದರೆ ಆಟದ ನೋಟ ಎಷ್ಟು ತಿರುಗಬೇಕು ಎಂದು ಹೇಳುವ ಗೆರೆಗೆ. ತಲೆ ಎಷ್ಟೇ ತಿರುಗಿಸಿದರೂ ಕಣ್ಣು ಸ್ಕ್ರೀನ್ ಮೇಲೇ ಇರಬೇಕಲ್ವಾ? ಹಾಗಾಗಿ ಆರಾಮಾಗಿ ತಿರುಗಿಸಲು ಆಗುವುದು 20, 25 ಡಿಗ್ರಿ ಮಾತ್ರ. ಅದನ್ನು ಆಟದಲ್ಲಿ 60 ಡಿಗ್ರಿ ಆಗುವಂತೆ ಹಿಗ್ಗಿಸಬೇಕು. ನಾನು ಮೊದಲು ಗೆರೆಯನ್ನು ನೇರವಾಗಿ ಎಳೆದಿದ್ದೆ. ಉಸಿರಾಡಿದರೂ ನೋಟ ಅಲುಗಾಡುತ್ತಿತ್ತು. ಅದಕ್ಕಿಂತ ಕೆಟ್ಟದ್ದು, ತಿರುವಿನಿಂದ ಹೊರಬರುವಾಗ ಕಾರು ಮತ್ತೆ ಮತ್ತೆ ಸ್ಪಿನ್ ಆಗುತ್ತಿತ್ತು. ಯಾಕೆ ಅಂತ ತಿಳಿಯಲು ಹಲವು ರೀಪ್ಲೇ ನೋಡಬೇಕಾಯಿತು. ಸಿಮ್ಯುಲೇಟರ್ ಆಟದಲ್ಲಿ ಹಿಂದಿನ ಚಕ್ರ ಜಾರುವುದನ್ನು ಮೈ ಹೇಳುವುದಿಲ್ಲ. ರಸ್ತೆಯ ನೋಟ ತಿರುಗಿದ ರೀತಿ ನೋಡಿ ಕಣ್ಣೇ ಹಿಡಿಯಬೇಕು. ಆ ಹೊತ್ತಿಗೆ ತಲೆಯಿಂದಲೂ ನೋಟ ತಿರುಗಿದರೆ, ತಿರುಗಿದ್ದು ಕಾರೋ ತಲೆಯೋ ಎಂದು ಮಿದುಳಿಗೆ ಗೊತ್ತಾಗುವುದಿಲ್ಲ. ಕೈ ತಡವಾಗಿ ಸ್ಟೀರಿಂಗ್ ತಿರುಗಿಸುತ್ತದೆ.

ಪರಿಹಾರ ಸರಳ. ಯಾ (ತಲೆಯನ್ನು ಎಡ-ಬಲಕ್ಕೆ ತಿರುಗಿಸುವುದು) ಕರ್ವ್‌ನಲ್ಲಿ ನಡುವಿನ 5 ಡಿಗ್ರಿ ಎರಡೂ ಕಡೆ ಪೂರ್ತಿ ಚಪ್ಪಟೆ ಇರಲಿ. ನೇರ ರಸ್ತೆಯಲ್ಲಿ, ಬ್ರೇಕ್ ಹಾಕುವಾಗ ನೋಟ ಮೊಳೆ ಹೊಡೆದಂತೆ ನಿಲ್ಲಬೇಕು. ಅಲ್ಲಿಂದ ಗೆರೆ ನಿಧಾನಕ್ಕೆ ಏರಿ, ಕೊನೆಯಲ್ಲಿ ಮಾತ್ರ ಕಡಿದಾಗಲಿ. ರೋಲ್ (ತಲೆಯನ್ನು ಭುಜದ ಕಡೆಗೆ ವಾಲಿಸುವುದು) ಸೊನ್ನೆ ಮಾಡಿ. ಪಿಚ್ (ತಲೆಯನ್ನು ಮೇಲೆ-ಕೆಳಗೆ ಬಾಗಿಸುವುದು) ಕೂಡ ಸೊನ್ನೆ, ಯಾಕೆಂದರೆ ಜೋರಾಗಿ ಬ್ರೇಕ್ ಒತ್ತುವಾಗ ತಲೆ ತಾನೇ ಬಾಗುತ್ತದೆ. ಮುಂದೆ-ಹಿಂದೆ ಸರಿಯುವ ಝಡ್ ಅನ್ನು ಒಂದೇ ಕ್ಯಾಮೆರಾ ಸರಿಯಾಗಿ ಅಳೆಯಲಾರದು, ಬಿಟ್ಟುಬಿಡಿ. ಪಕ್ಕಕ್ಕೆ ಸರಿಯುವ ಎಕ್ಸ್ ಸ್ವಲ್ಪ ಇಟ್ಟುಕೊಂಡಿದ್ದೇನೆ. ಕಾರಿನ ಮುಂಗಾಜಿನ ಪಕ್ಕದ ಕಂಬದ ಆಚೆ ಇರುವ ಏಪೆಕ್ಸ್ (ತಿರುವಿನ ಒಳಗಂಚಿನ ಬಿಂದು) ನೋಡಲು ತಲೆ ಒಂಚೂರು ವಾಲಿಸಿದರೆ ಸಾಕಾಗುತ್ತದೆ, ಬಹಳ ಇಷ್ಟವಾದ ಸೌಲಭ್ಯ ಅದು.

ಓಪನ್‌ಟ್ರ್ಯಾಕ್‌ನಲ್ಲಿ ಆಕ್ಸೆಲಾ ಫಿಲ್ಟರ್‌ನ ಸ್ಮೂತಿಂಗ್ ನಡುಕ ನಿಲ್ಲುವಷ್ಟು ಮಾತ್ರ ಏರಿಸಿ, ಹೆಚ್ಚಾದರೆ ಮತ್ತೆ ತಡ. ನೋಟವನ್ನು ಮತ್ತೆ ನಡುವಿಗೆ ತರುವ (ಸೆಂಟರ್ ಮಾಡುವ) ಕೀಯನ್ನು ಸ್ಟೀರಿಂಗ್‌ನ ಬಟನ್‌ಗೆ ಕೊಡಿ, ಕುಳಿತ ಭಂಗಿ ಬದಲಾದಾಗೆಲ್ಲ ಬೇಕಾಗುತ್ತದೆ. ಆಟದಲ್ಲೇ ತಿರುವಿನ ಕಡೆ ಕ್ಯಾಮೆರಾ ತಿರುಗಿಸುವ ಆಯ್ಕೆ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಎರಡೂ ಸೇರಿ ಗೊಂದಲ.

ನನಗೆ ಇದರ ನಿಜವಾದ ಲಾಭ ಸಿಕ್ಕಿದ್ದು ಹೇರ್‌ಪಿನ್‌ಗಳಲ್ಲಿ, ಅಂದರೆ ತೀರಾ ಕಡಿದಾದ ತಿರುವುಗಳಲ್ಲಿ. ಮೊದಲು ಅಂದಾಜಿನ ಮೇಲೆ ಸ್ಟೀರಿಂಗ್ ತಿರುಗಿಸುತ್ತಿದ್ದೆ, ಈಗ ತಿರುವಿನ ಒಳಗಂಚನ್ನು ನೋಡಿಕೊಂಡೇ ತಿರುಗಿಸುತ್ತೇನೆ. ಒಬ್ಬನೇ ವೇಗದ ಟ್ರ್ಯಾಕ್‌ನಲ್ಲಿ ಲ್ಯಾಪ್ ಟೈಮ್ ತೆಗೆಯುವಾಗ ಮಾತ್ರ ಆಫ್ ಮಾಡುತ್ತೇನೆ. ಅಲ್ಲಿ ಪಕ್ಕದಲ್ಲಿ ನೋಡುವುದೇನೂ ಇರುವುದಿಲ್ಲ, ಅಲುಗಾಡದ ನೋಟವೇ ಬೇಕು.

ನೇರವಾಗಿ ರೇಸ್‌ಗೆ ಇಳಿಯಬೇಡಿ. ಮೊದಲ ಕೆಲವು ದಿನ ಖಾಲಿ ಟ್ರ್ಯಾಕ್‌ನಲ್ಲಿ ನಿಧಾನದ ಕಾರು ತೆಗೆದುಕೊಂಡು, ಯಾ ಒಂದನ್ನೇ ಆನ್ ಇಟ್ಟು ಓಡಿಸಿ. ಕುತ್ತಿಗೆ ನೋಯಲು ಶುರುವಾದರೆ ನೀವು ಬೇಕಾದ್ದಕ್ಕಿಂತ ಜಾಸ್ತಿ ತಲೆ ತಿರುಗಿಸುತ್ತಿದ್ದೀರಿ ಎಂದರ್ಥ, ಆಗ ಕರ್ವ್‌ನ ಕೊನೆಯನ್ನು ಇನ್ನೊಂದಿಷ್ಟು ಕಡಿದು ಮಾಡಿ.