ಜುನಿಪರ್ ಹಣ್ಣು: ಅಡುಗೆಗೂ ಕಷಾಯಕ್ಕೂ ಒಂದೇ ಅಳತೆಯಲ್ಲ

ಸೂಜಿಯಂಥ ಎಲೆಗಳ ಪೊದೆಗಿಡವಾದ ಜುನಿಪರ್‌ನ ಒಣಗಿದ ಹಣ್ಣನ್ನು ಮಾಂಸದ ಅಡುಗೆಗೆ ಬಳಸುವುದು ಹೇಗೆ, ಉಳಿದದ್ದನ್ನು ಉರಿಮೂತ್ರಕ್ಕೆ ಕಷಾಯ ಮಾಡಿ ಕುಡಿಯಬಹುದೇ ಎಂದು ನೀವು ಕೇಳಿದ್ದೀರಿ. ಇಡಿಯಾಗಿ ಹಾಕಿದರೆ ಪರಿಮಳದ ಬಹುಪಾಲು ಒಳಗೇ ಉಳಿದುಬಿಡುತ್ತದೆ. ಅರ್ಧ ಕಿಲೋ ಮಾಂಸಕ್ಕೆ ಐದಾರು ಹಣ್ಣುಗಳನ್ನು ಚಾಕುವಿನ ಚಪ್ಪಟೆ ಬದಿಯಿಂದ ಒತ್ತಿ, ಕಪ್ಪು ಸಿಪ್ಪೆ ಬಿರಿದು ಪೈನ್ ಮರದ ರಾಳವನ್ನು ನೆನಪಿಸುವ ಘಾಟು ಮೂಗಿಗೆ ಬಡಿದ ಮೇಲೆ, ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿಯೊಂದಿಗೆ ಸವರಿ ಕೆಲವು ಗಂಟೆ ನೆನೆಯಲು ಬಿಡಿ. ಯುರೋಪಿನಲ್ಲಿ ಜಿಂಕೆಯ ಮಾಂಸಕ್ಕೂ ಹುಳಿ ಬರಿಸಿದ ಎಲೆಕೋಸಿಗೂ ಇದನ್ನು ಹಾಕುತ್ತಾರೆ. ಜಿನ್ ಮದ್ಯದ ಮುಖ್ಯ ಪರಿಮಳವೂ ಇದರದೇ. ಹೆಚ್ಚು ಹಾಕಿದರೆ ಕಹಿಯೇ ಮುಂದಾಗುತ್ತದೆ.

ಕಷಾಯದ ವಿಷಯದಲ್ಲಿ ನನ್ನ ಸಲಹೆ ಬೇಡವೆಂದೇ. ಅಜೀರ್ಣ, ಹೊಟ್ಟೆಯುಬ್ಬರಕ್ಕೂ ಮೂತ್ರ ಸಲೀಸಾಗಿ ಹೋಗಲೆಂದೂ ಇದನ್ನು ಶತಮಾನಗಳಿಂದ ಕೊಡುತ್ತಾ ಬಂದಿರುವುದು ನಿಜವಾದರೂ, ಉರಿಮೂತ್ರಕ್ಕೆ ಸೋಂಕು ಕಾರಣವಾಗಿದ್ದರೆ ಕಷಾಯವನ್ನು ನಂಬಿ ದಿನ ದೂಡುವುದು ಅಪಾಯಕಾರಿ. ಮೊದಲು ಮೂತ್ರಪರೀಕ್ಷೆ ಮಾಡಿಸಿಕೊಳ್ಳಿ. ಗರ್ಭಿಣಿಯರು ಮತ್ತು ಮೂತ್ರಪಿಂಡದ ಕಾಯಿಲೆಯುಳ್ಳವರು ಇದನ್ನು ಔಷಧಿಯಾಗಿ ಸೇವಿಸಲೇಬಾರದು. ಗಿಡ ಗುರುತಿಸಲು ಬಾರದಿದ್ದರೆ ಕಾಡಿನಿಂದ ಕಿತ್ತು ತರುವುದೂ ಬೇಡ, ಏಕೆಂದರೆ ಇದೇ ಕುಲಕ್ಕೆ ಸೇರಿದ ಸ್ಯಾವಿನ್ ಜುನಿಪರ್ ವಿಷಕಾರಿ.