ಎಕ್ಸಿಮಾಗೆ (ಚರ್ಮ ಉರಿಯೂತದಿಂದ ತುರಿಸುವ ಕಾಯಿಲೆ) ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲ್ ನುಂಗಿದರೆ ತುರಿಕೆ ಕಡಿಮೆ ಆಗುತ್ತಾ?

ಇಲ್ಲ, ಸುಮ್ನೆ ದುಡ್ಡು ದಂಡ. ಈವ್ನಿಂಗ್ ಪ್ರಿಮ್‌ರೋಸ್ ಮತ್ತು ಬೊರೇಜ್ ಗಿಡಗಳ ಬೀಜದ ಎಣ್ಣೆ ಕೊಟ್ಟು ನಡೆಸಿದ 27 ಪ್ರಯೋಗಗಳನ್ನು ಚಿಕಿತ್ಸೆಗಳ ಬಗೆಗಿನ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ತಂಡ 2013ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಈ ಎಣ್ಣೆಯಿಲ್ಲದ ಹುಸಿ ಕ್ಯಾಪ್ಸೂಲ್‌ಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ.

ಆಸೆ ಹುಟ್ಟಿದ್ದಕ್ಕೆ ಕಾರಣವಿತ್ತು. ಈ ಎಣ್ಣೆಗಳಲ್ಲಿ ಗಾಮಾ ಲಿನೊಲೆನಿಕ್ ಆಮ್ಲ ಅನ್ನುವ ಕೊಬ್ಬಿನಂಶ ಇದೆ, ಎಕ್ಸಿಮಾ ಇರುವವರ ದೇಹ ಅದನ್ನು ಸಾಕಷ್ಟು ತಯಾರಿಸುವುದಿಲ್ಲ, ಹೊರಗಿನಿಂದ ಕೊಟ್ಟರೆ ಉರಿಯೂತ ಇಳಿಯಬಹುದು ಅನ್ನೋ ಲೆಕ್ಕಾಚಾರ. ಕಾಗದದ ಮೇಲೆ ಚೆನ್ನಾಗಿಯೇ ಇದೆ, ಅಲ್ವಾ?

ಹಾಗಾದರೆ "ನನಗೆ ವಾಸಿಯಾಯ್ತು" ಅನ್ನುವವರು ಸುಳ್ಳು ಹೇಳ್ತಾರಾ? ಇಲ್ಲ. ಎಕ್ಸಿಮಾ ತಾನಾಗಿಯೇ ಏರಿ ಇಳಿಯುವ ಕಾಯಿಲೆ, ಜನ ಮಾತ್ರೆ ಶುರು ಮಾಡೋದು ತುರಿಕೆ ಜೋರಾಗಿರುವಾಗಲೇ, ಆಮೇಲೆ ಅದು ಹೇಗೂ ಇಳಿಯುತ್ತೆ, ಹೆಸರು ಮಾತ್ರ ಎಣ್ಣೆಗೆ. ಅದಕ್ಕೇ ಪ್ರಯೋಗದಲ್ಲಿ ಅರ್ಧ ಜನರಿಗೆ ನೋಡಲು ಅದೇ ಥರದ, ಒಳಗೆ ಆಲಿವ್ ಎಣ್ಣೆಯೋ ಪ್ಯಾರಾಫಿನ್ನೋ ಇರುವ ಕ್ಯಾಪ್ಸೂಲ್ ಕೊಡ್ತಾರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿರಲ್ಲ, ಡಾಕ್ಟರಿಗೂ ಗೊತ್ತಿರಲ್ಲ. ಹೀಗೆ ನೋಡಿದಾಗ ಎರಡೂ ಗುಂಪುಗಳಲ್ಲಿ ಸುಧಾರಣೆ ಕಂಡಿತು, ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ.

ಅಡ್ಡಪರಿಣಾಮ ಸಾಮಾನ್ಯವಾಗಿ ತಲೆನೋವು, ಹೊಟ್ಟೆ ಕೆಡುವುದು, ಅಷ್ಟೆ. ಆದರೆ ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರಿಗೆ ರಕ್ತಸ್ರಾವದ ಅಪಾಯ ಜಾಸ್ತಿಯಾಗಬಹುದು, ಅವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.