ಸೈಕಲ್ ಕಟ್ಟೆ: ಘಟ್ಟ ಇಳಿದು ಕಡಲಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಉತ್ತರ ಕನ್ನಡದ್ದೇ. ಶಿರಸಿ ಕಾಡಿನಲ್ಲಿ ಸೈಕಲ್ ಹೊಡೆದು, ಘಟ್ಟ ಇಳಿದು, ಕುಮಟಾ ಗೋಕರ್ಣದ ಮರಳು ಮುಟ್ಟಬೇಕು ಅನ್ನುವವರು ಇಷ್ಟು ಜನ ಇದ್ದಾರೆ ಅಂತ ಗೊತ್ತಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ನನ್ನ ಹತ್ತಿರ ಮುಂದೆ ಮಾತ್ರ ಶಾಕ್ ಇರುವ ಸಾಧಾರಣ ಗೇರ್ ಸೈಕಲ್ ಇದೆ. ಮಲೆನಾಡಿನ ಕಾಡುದಾರಿಗೆ ಹಿಂದೆಯೂ ಶಾಕ್ ಇರುವ ದುಬಾರಿ ಸೈಕಲ್ಲೇ ಬೇಕು ಅಂತ ಗೆಳೆಯರು ಹೇಳುತ್ತಾರೆ. ನಿಜವೇ? (ದಾವಣಗೆರೆಯ ಓದುಗರು)

ಬೇಡ. ಆ ದುಡ್ಡಿನಲ್ಲಿ ಸ್ವಲ್ಪ ತೆಗೆದು ಒಳ್ಳೆಯ ಟೈರು, ಹೊಸ ಬ್ರೇಕ್ ಪ್ಯಾಡು ಹಾಕಿಸಿ, ಉಳಿದದ್ದು ಜೇಬಿನಲ್ಲೇ ಇರಲಿ. ಶಿರಸಿ ಸಿದ್ದಾಪುರ ಕಡೆಯ ಕಾಡುದಾರಿ ಅಂದರೆ ಹೆಚ್ಚಿನವು ಸೊಪ್ಪಿನ ಬೆಟ್ಟದ ದಾರಿಗಳು, ಅಡಿಕೆ ತೋಟದವರು ಸೊಪ್ಪು, ದರಕು (ಉದುರಿದ ಒಣ ಎಲೆ) ತರಲು ಓಡಾಡಿ ಆದಂಥವು. ಅಲ್ಲಿ ಎತ್ತರದಿಂದ ಹಾರುವ ಕೆಲಸ ಇಲ್ಲ. ಬೇರು, ಉರುಟು ಕಲ್ಲು, ಒಣಗಿದ ಅಕೇಶಿಯಾ ಎಲೆ, ನಡುನಡುವೆ ದಣಪೆ, ಅಂದರೆ ಬೇಲಿಗೆ ಅಡ್ಡಗಳ ಹಾಕಿ ಮಾಡಿದ ಬಾಗಿಲು. ಎರಡೂಕಾಲು ಇಂಚು ಅಗಲದ, ಹಲ್ಲು ಇರುವ ಟೈರು ಇದ್ದರೆ ಇಷ್ಟಕ್ಕೆ ಧಾರಾಳ ಸಾಕು.

ಜಾಸ್ತಿ ಜನ ಎಡವುವುದು ಗಾಳಿಯ ವಿಷಯದಲ್ಲಿ. ಅಂಗಡಿಯವರು ಟೈರು ಕಲ್ಲಿನಂತೆ ಆಗುವ ತನಕ ಗಾಳಿ ತುಂಬಿ ಕಳಿಸುತ್ತಾರೆ. ಡಾಂಬರಿಗೆ ಅದು ಸರಿ. ಕಾಡಿನಲ್ಲಿ ಆ ಟೈರು ಪ್ರತಿ ಬೇರಿನ ಮೇಲೂ ಪುಟಿದು ಪಕ್ಕಕ್ಕೆ ಜಾರುತ್ತದೆ. ನೀವು 65-70 ಕಿಲೋ ಇದ್ದರೆ 28ರಿಂದ 32 ಪಿಎಸ್‌ಐ ಇಟ್ಟು ನೋಡಿ. ಅದಕ್ಕಿಂತ ತುಂಬಾ ಇಳಿಸಿದರೆ ಮತ್ತೊಂದು ತಾಪತ್ರಯ: ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಒಂದಕ್ಕೆ ಎರಡು ತೂತು ಬೀಳುತ್ತದೆ, ಅಕ್ಕಪಕ್ಕದಲ್ಲೇ. ಸಣ್ಣ ಪಂಪು, ಒಂದು ಟ್ಯೂಬು ಜೊತೆಗಿರಲಿ.

ಇನ್ನೊಂದು ಮಾತು. ದಣಪೆ ತೆಗೆದರೆ ಮತ್ತೆ ಹಾಕಿ ಹೋಗಿ, ದನ ತೋಟಕ್ಕೆ ನುಗ್ಗಿದರೆ ಮುಂದಿನ ಸಲ ಆ ದಾರಿಯಲ್ಲಿ ನಿಮ್ಮನ್ನು ಯಾರೂ ಬಿಡುವುದಿಲ್ಲ. ಹಳ್ಳಕ್ಕೆ ಅಡ್ಡ ಹಾಕಿದ ಕಾಲುಸಂಕ ಬಂದರೆ ಇಳಿಯಿರಿ. ಎರಡು ಅಡಿಕೆ ಮರ ಅಡ್ಡ ಮಲಗಿಸಿದ ಸಂಕದ ಮೇಲೆ ಸೈಕಲ್ ಹೊಡೆದು ದಾಟುವ ವಿಡಿಯೋ ನೋಡಿದ್ದೇನೆ. ನೀರಿಗೆ ಬಿದ್ದದ್ದು ಯಾರೂ ಹಾಕುವುದಿಲ್ಲ ಅಷ್ಟೆ.

ಪ್ರಶ್ನೆ: ಜುಲೈನಲ್ಲಿ ರಜೆ ಸಿಗುತ್ತದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು, ಯಾಣ ನೋಡಿ ಕುಮಟಾಕ್ಕೆ ಹೋಗುವ ಆಸೆ. ಮಳೆಯಲ್ಲಿ ಮಜಾ ಜಾಸ್ತಿ ಅಲ್ವಾ? (ಬೆಂಗಳೂರಿನ ಓದುಗರು)

ನೋಡಲು ಮಜಾ. ಸೈಕಲ್ಲಿಗೆ ಅಲ್ಲ. ಕರಾವಳಿಯ ನೆಲ ಜಂಬಿಟ್ಟಿಗೆ ಕಲ್ಲಿನದು. ಬೇಸಿಗೆಯಲ್ಲಿ ಅದರಷ್ಟು ಒಳ್ಳೆಯ ಹಿಡಿತ ಕೊಡುವ ನೆಲ ಇಲ್ಲ, ಮೇಲ್ಮೈಯೆಲ್ಲ ತೂತು ತೂತು, ಟೈರು ಕಚ್ಚಿಕೊಂಡು ಹತ್ತುತ್ತದೆ. ಅದೇ ಕಲ್ಲಿನ ಮೇಲೆ ಜೂನ್ ಕಳೆಯುವಷ್ಟರಲ್ಲಿ ತೆಳ್ಳಗೆ ಪಾಚಿ ಬರುತ್ತದೆ. ಹಸಿರಾಗಿದ್ದರೆ ಕಣ್ಣಿಗೆ ಕಾಣುತ್ತದೆ, ಕಪ್ಪು ಪಾಚಿ ಕಾಣುವುದಿಲ್ಲ, ಒದ್ದೆ ಕಲ್ಲು ಅಂದುಕೊಂಡು ಬ್ರೇಕ್ ಹಿಡಿದರೆ ಸೈಕಲ್ ಒಂದು ಕಡೆ, ನೀವು ಒಂದು ಕಡೆ. ಘಟ್ಟದಲ್ಲಿ ಮಣ್ಣು ಕುಸಿಯುವುದು, ಮರ ಬೀಳುವುದು ಬೇರೆ. ಅಕ್ಟೋಬರ್ ಕೊನೆಯ ತನಕ ಕಾಯಿರಿ. ಆಗ ಹಳ್ಳದಲ್ಲಿ ನೀರೂ ಇರುತ್ತದೆ, ಕಲ್ಲೂ ಒಣಗಿರುತ್ತದೆ.

ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ, ಕುಮಟಾ ಕಡಲಿಗೇ ಅಂಟಿಕೊಂಡಿದೆ, ನಡುವೆ ಸುಮಾರು 60 ಕಿಲೋಮೀಟರ್. ಈ ಇಳಿತದ ಬಹುಪಾಲು ಘಟ್ಟದಲ್ಲೇ ಮುಗಿಯುತ್ತದೆ. ಅಲ್ಲಿ ಬ್ರೇಕನ್ನು ಮೇಲಿಂದ ಕೆಳತನಕ ಒತ್ತಿಕೊಂಡೇ ಇಳಿಯಬೇಡಿ. ಡಿಸ್ಕ್ ಕಾಯುತ್ತದೆ, ಪ್ಯಾಡಿನ ಮೇಲೆ ಗಾಜಿನ ಹೊಳಪು ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ತಿರುವಿಗೆ ಮೊದಲು ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಸುಟ್ಟ ವಾಸನೆ ಬಂತೋ, ನಿಂತುಬಿಡಿ. ಡಿಸ್ಕಿಗೆ ನೀರು ಸುರಿಯಬೇಡಿ, ಬೆರಳಿನಿಂದ ಮುಟ್ಟಿ ನೋಡುವ ಸಾಹಸವೂ ಬೇಡ.

ಯಾಣದಲ್ಲಿ ಸೈಕಲ್ ಕೆಳಗೇ ಬಿಡಬೇಕು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಪ್ಪು ಸುಣ್ಣಕಲ್ಲು. ಬೆಳಿಗ್ಗೆ ಬೇಗ ಹೋಗಿ, ಹತ್ತು ಗಂಟೆ ಮೇಲೆ ಬಸ್ಸುಗಟ್ಟಲೆ ಜನ.

ಪ್ರಶ್ನೆ: ಜನವರಿಯಲ್ಲಿ ಹೊರಟಿದ್ದೇವೆ. ಮನೆಯಲ್ಲಿ ಮಂಗನ ಕಾಯಿಲೆ ಅಂತ ಹೆದರಿಸುತ್ತಿದ್ದಾರೆ. ಇಂಬಳಕ್ಕೆ ಉಪ್ಪು ಕಟ್ಟಿಕೊಂಡರೆ ಸಾಲದಾ? (ಮೈಸೂರಿನ ಓದುಗರು)

ಮನೆಯವರು ಹೇಳುವುದರಲ್ಲಿ ಅರ್ಥವಿದೆ. ಇಂಬಳ ರಕ್ತ ಕುಡಿದು ಉದುರಿ ಹೋಗುತ್ತದೆ, ತುರಿಕೆ ಬಿಟ್ಟರೆ ದೊಡ್ಡ ತೊಂದರೆ ಇಲ್ಲ, ಜನವರಿಯಲ್ಲಿ ಅದು ಅಷ್ಟಾಗಿ ಇರುವುದೂ ಇಲ್ಲ. ನೀವು ನೋಡಿಕೊಳ್ಳಬೇಕಾದ್ದು ಮಂಗನ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ). ಈ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರ, ಹೊನ್ನಾವರ ಕಡೆಯೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇ ತನಕ ಇದರ ಕಾಲ, ಅಂದರೆ ಸೈಕಲ್ಲಿಗೆ ಒಳ್ಳೆಯ ಕಾಲವೂ ಅದೇ. ಆ ಹೊತ್ತಿಗೆ ಇರುವ ಮರಿ ಉಣುಗುಗಳು ಎಳ್ಳಿಗಿಂತ ಸಣ್ಣವು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಚಡ್ಡಿಯಲ್ಲಿ ಕಾಡಿಗೆ ಹೋಗಬೇಡಿ. ಉದ್ದ ಪ್ಯಾಂಟು ಹಾಕಿ ತುದಿಯನ್ನು ಕಾಲುಚೀಲದೊಳಗೆ ತುರುಕಿ, ನೋಡಲು ಚೆಂದ ಇರುವುದಿಲ್ಲ, ಇರಲಿ. ಹೊರಡುವ ಮೊದಲು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ವರ್ಷ ಎಲ್ಲಿ ಕಾಣಿಸಿಕೊಂಡಿದೆ ಅಂತ ಕೇಳಿ. ಉಣುಗು ಹತ್ತಿರ ಬಾರದಂತೆ ಹಚ್ಚುವ ಡೇಪಾ ಎಣ್ಣೆಯನ್ನೂ ವಿಚಾರಿಸಿ. ಸುಸ್ತಾಯಿತು ಅಂತ ದರಕಿನ ಮೇಲೆ ಮಲಗಬೇಡಿ, ಕೂರುವುದಾದರೆ ಬೋಳು ಕಲ್ಲಿನ ಮೇಲೆ ಕೂರಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಿ ಫೋಟೋ ತೆಗೆಯದೆ ಬಂದ ದಾರಿಯಲ್ಲೇ ಹಿಂದಿರುಗಿ, ಅರಣ್ಯದವರಿಗೋ ಆರೋಗ್ಯ ಇಲಾಖೆಗೋ ತಿಳಿಸಿ. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ವಾಪಸ್ ಬಂದ ಒಂದೆರಡು ವಾರದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಸುಮ್ನೆ ಇರಬೇಡಿ. ಮೈಸೂರಿನ ವೈದ್ಯರಿಗೆ ನೀವಾಗಿಯೇ ಹೇಳಬೇಕು, ನಾನು ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ.

ಪ್ರಶ್ನೆ: ಕಾಡಿನಲ್ಲಿ ಎಲ್ಲೆಂದರಲ್ಲಿ ಸೈಕಲ್ ಹೊಡೆಯಬಹುದಾ? (ಬೆಳಗಾವಿಯ ಓದುಗರು)

ಇಲ್ಲ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಸುತ್ತಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಬೇಕು. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಗಳಿಗಾಗಿ ಮಾಡಿದ ಸಂರಕ್ಷಿತ ಪ್ರದೇಶವೂ ಇದೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿಯೇ ಹೊರಡಿ. ಮ್ಯಾಪಿನಲ್ಲಿ ಗೆರೆ ಕಂಡಿತು ಅನ್ನುವುದು ಗಾರ್ಡ್ ಎದುರು ನಡೆಯುವ ವಾದ ಅಲ್ಲ.

ಪ್ರಶ್ನೆ: ಗೋಕರ್ಣದಿಂದ ಕುಮಟಾ ತನಕ ಕಡಲ ದಂಡೆಯಲ್ಲೇ ಹೋಗಬಹುದು ಅಂತಾರೆ. ಹೋದ ವರ್ಷ ಮರಳಿನಲ್ಲಿ ಹೊಡೆದ ಮೇಲೆ ನನ್ನ ಚೈನು ತುಕ್ಕು ಹಿಡಿದು ಹೋಯಿತು. ಏನು ಮಾಡಲಿ? (ಉಡುಪಿಯ ಓದುಗರು)

ಓಂ ಬೀಚು, ಹಾಫ್ ಮೂನ್ ಬೀಚಿನ ನಡುವಿನ ಗುಡ್ಡದ ದಾರಿ ನಡೆಯುವವರದು. ಸೈಕಲ್ ಹೊತ್ತೇ ದಾಟಬೇಕು, ಅದರಲ್ಲೇನು ಸುಖ? ರಸ್ತೆಯಲ್ಲಿ ತದಡಿಗೆ ಬಂದು, ಅಲ್ಲಿಂದ ನೀರು ದಾಟಿ ಅಘನಾಶಿನಿ ಊರಿಗೆ ಹೋಗಿ, ಕಾಗಾಲ, ಬಾಡದ ಮೇಲೆ ಕುಮಟಾ ಸೇರುವುದು ನನಗೆ ಇಷ್ಟ. ಅಣೆಕಟ್ಟು ಇಲ್ಲದ ನದಿ ಅಘನಾಶಿನಿ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಕಡಲ ಇಳಿತದ ಹೊತ್ತಿನಲ್ಲಿ ಸೊಂಟದ ತನಕ ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಆರಿಸುವವರು ಕಾಣುತ್ತಾರೆ. ಒಳಗಡೆ ಗಜನಿ ಗದ್ದೆಗಳಿವೆ, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಅಲ್ಲೇ. ಗಜನಿಯ ಕಟ್ಟೆ ಚಪ್ಪಟೆಯಾಗಿದೆ ಅಂತ ಸೈಕಲ್ ಹತ್ತಿಸಬೇಡಿ, ಕಟ್ಟೆ ಒಡೆದರೆ ಉಪ್ಪುನೀರು ಗದ್ದೆಗೆ ಬರುತ್ತದೆ.

ಮರಳ ಮೇಲೆ ಹೊಡೆಯಲೇಬೇಕು ಅಂದರೆ ಪೂರ್ತಿ ಇಳಿತದ ಆಚೆ ಈಚೆ ಒಂದೊಂದು ಗಂಟೆ ಇಟ್ಟುಕೊಳ್ಳಿ. ಆಗ ಒದ್ದೆ ಮರಳು ಗಟ್ಟಿ ಇರುತ್ತದೆ. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆ ಸಿಕ್ಕ ಹೊತ್ತು ಇವತ್ತು ಸಿಗುವುದಿಲ್ಲ. ಮೀನುಗಾರರನ್ನು ಕೇಳಿ. ಅವರ ಬಲೆ, ಒಣಗಲು ಹಾಕಿದ ಮೀನಿನಿಂದ ದೂರ ಇರಿ. ಚಳಿಗಾಲದ ರಾತ್ರಿಗಳಲ್ಲಿ ಈ ದಂಡೆಗೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ, ಕತ್ತಲಾದ ಮೇಲೆ ಸೈಕಲ್ ಬೇಡ, ಮೇಲಿನ ಒಣ ಮರಳಿಗೆ ಹಗಲೂ ಬೇಡ.

ಈಗ ಚೈನು. ಉಪ್ಪು ರಾತ್ರಿಯೊಳಗೆ ಕೆಲಸ ಮುಗಿಸುತ್ತದೆ, ಊರಿಗೆ ಹೋಗಿ ತೊಳೆದರಾಯಿತು ಅಂದರೆ ಆಗುವುದಿಲ್ಲ. ಅದೇ ಸಂಜೆ ಬಾವಿ ನೀರು ಒಂದು ಬಕೆಟ್ ಸುರಿಯಿರಿ. ಬೈಕ್ ತೊಳೆಯುವ ಅಂಗಡಿಯ ಪ್ರೆಶರ್ ಪೈಪು ಬೇಡ, ನೀರು ಬೇರಿಂಗಿನೊಳಗೆ ನುಗ್ಗಿ ಗ್ರೀಸ್ ತೊಳೆದುಬಿಡುತ್ತದೆ. ಹಳೆ ಬನಿಯನ್ನಿನಲ್ಲಿ ಚೈನು ಒರೆಸಿ, ಪೂರ್ತಿ ಒಣಗಿದ ಮೇಲೆ ಕೊಂಡಿಗೊಂದು ಹನಿ ಎಣ್ಣೆ, ಹತ್ತು ನಿಮಿಷ ಬಿಟ್ಟು ಹೊರಗಿನ ಎಣ್ಣೆ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ನಾಳೆ ಅದಕ್ಕೇ ಮರಳು ಮೆತ್ತಿಕೊಳ್ಳುತ್ತದೆ. ಸೀಟಿನ ಕೊಳವೆಯನ್ನೂ ಹೊರಗೆ ಎಳೆದು ಒರೆಸಿ ಗ್ರೀಸ್ ಹಚ್ಚಿ. ಇದನ್ನು ಬಿಟ್ಟವರ ಸೀಟು ಫ್ರೇಮಿಗೆ ಕಚ್ಚಿಕೊಂಡು, ಕೊನೆಗೆ ಗರಗಸ ಹಾಕಿ ಕೊಯ್ದು ತೆಗೆಯಬೇಕಾಗುತ್ತದೆ.